ಜಿಯೋಟ್ಯಾಗ್ ಫೋಟೋನಾ, ಬಹಿರಂಗ ಬಿಲ್ಲಾ: ಮೊದಲು ಯಾವುದು?

ಸರ್ಕಾರಿ ಕಾಮಗಾರಿಗಳಲ್ಲಿ ಪಾರದರ್ಶಕತೆ ತರಬೇಕು, ಆದರೆ ಸದ್ಯ ಒಂದಕ್ಕೇ ದುಡ್ಡಿದೆ ಅಂದಾಗ ಈ ಎರಡರಲ್ಲಿ ಆರಿಸಬೇಕಾಗುತ್ತದೆ.

ಜಿಯೋಟ್ಯಾಗ್ ಫೋಟೋ ಆ್ಯಪ್ ಅಗ್ಗ, ಬೇಗ ಶುರುವಾಗುತ್ತದೆ. ಜಾಗ, ದಿನಾಂಕ, ಸಮಯ ಫೋಟೋ ಜೊತೆಗೇ ದಾಖಲಾಗುತ್ತವೆ. ಕೆಲಸವೇ ನಡೆಯದೆ ಬಿಲ್ ಆಗುವುದಕ್ಕೆ ಇದು ಒಳ್ಳೆಯ ತಡೆ. ಆದರೆ ಕಾಂಕ್ರೀಟ್ ಸುರಿದ ಮೇಲೆ ತೆಗೆದ ಫೋಟೋದಲ್ಲಿ ಒಳಗಿನ ಕಂಬಿ ಎಷ್ಟು ದಪ್ಪ, ಎಷ್ಟು ಅಂತರದಲ್ಲಿದೆ ಅಂತ ಕಾಣುವುದಿಲ್ಲ. ಕಂಬಿ ಕಟ್ಟಿದಾಗಲೇ, ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಬೇಕು. ಲೊಕೇಶನ್ ಸುಳ್ಳು ತೋರಿಸುವ ಆ್ಯಪ್‌ಗಳೂ ಇವೆ, ಎಚ್ಚರ.

ಇನ್ನೊಂದು ದಾರಿ, ಟೆಂಡರ್‌ನಿಂದ ಕೊನೆಯ ಬಿಲ್‌ವರೆಗೆ ಎಲ್ಲವನ್ನೂ ಆನ್‌ಲೈನ್‌ನಲ್ಲಿ ತೆರೆದಿಡುವುದು. ಉಕ್ರೇನ್ 2016ರಲ್ಲಿ ಪ್ರೊಜೋರೊ ಅನ್ನುವ ಆನ್‌ಲೈನ್ ಟೆಂಡರ್ ವ್ಯವಸ್ಥೆಯನ್ನು ಸರ್ಕಾರಿ ಖರೀದಿಗೆ ಕಡ್ಡಾಯ ಮಾಡಿತು. ಹರಾಜು ಮುಗಿದ ಮೇಲೆ ಯಾರು ಎಷ್ಟಕ್ಕೆ ಬಿಡ್ ಹಾಕಿದ್ದರು ಅಂತ ಅಲ್ಲಿ ಯಾರು ಬೇಕಾದರೂ ನೋಡಬಹುದು. ಇದಕ್ಕೆ ಸಮಯ ಜಾಸ್ತಿ ಬೇಕು, ಕಚೇರಿಯ ಒಳಗಿಂದಲೇ ವಿರೋಧವೂ ಬರಬಹುದು. ಸಣ್ಣ, ಚದುರಿದ ಕೆಲಸಗಳಾದರೆ ಫೋಟೋ ಸಾಕು. ದೊಡ್ಡ ಸೇತುವೆ, ರಸ್ತೆಗಳಿಗೆ ನನ್ನ ಆಯ್ಕೆ ಎಲ್ಲವನ್ನೂ ತೆರೆದಿಡುವ ಈ ಎರಡನೇ ದಾರಿಯೇ. ನಡುವೆ ಸೇರಿಸುವ ಹೆಚ್ಚುವರಿ ಕೆಲಸದ ಬಿಲ್ ಯಾವ ಫೋಟೋದಲ್ಲೂ ಸಿಗುವುದಿಲ್ಲ ಅಲ್ವಾ? ಆದರೆ ಸುಮ್ನೆ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿ ಕೈತೊಳೆದುಕೊಳ್ಳಬಾರದು. ಹುಡುಕಲು, ಕೂಡಿ ನೋಡಲು ಬರುವಂಥ ಪಟ್ಟಿಯನ್ನೇ ಹಾಕಬೇಕು.