ಮಲ್ಪೆ ಮರಳಿಗೆ ಯಾವ ಡಿಟೆಕ್ಟರ್: ಒಂದೇ ಫ್ರೀಕ್ವೆನ್ಸಿಯದ್ದೋ, ಮಲ್ಟಿಯೋ?

ಮಲ್ಪೆ ಬೀಚಿನ ಅಂಗಡಿ ಸಾಲಿನ ಹತ್ತಿರ ಮೆಟಲ್ ಡಿಟೆಕ್ಟರ್ ಆನ್ ಮಾಡಿ ನೋಡಿ. ಕಾಯಿಲನ್ನು (ಕೋಲಿನ ತುದಿಯ ದುಂಡನೆ ತಟ್ಟೆ) ಸುಮ್ನೆ ಗಾಳಿಯಲ್ಲಿ ಹಿಡಿದು ನಿಂತರೂ ಟಿಕ್ ಟಿಕ್, ಕೀಂಯ್ ಅಂತ ಅರಚಬಹುದು. ಕೆಳಗೆ ಉಂಗುರವೇನೂ ಇಲ್ಲ. ಕರೆಂಟ್ ತಂತಿ, ಎಲ್‌ಇಡಿ ದೀಪ, ನಿಮ್ಮದೇ ಜೇಬಿನ ಮೊಬೈಲ್, ಇವುಗಳ ಗಲಾಟೆ ಅದು.

ಇಂಥ ಕಡೆ ಒಂದೇ ಫ್ರೀಕ್ವೆನ್ಸಿಯ, ಅಂದರೆ ಒಂದೇ ಬಗೆಯ ಸಿಗ್ನಲ್‌ನಿಂದ ಲೋಹ ಹುಡುಕುವ ಮೆಷಿನ್ ಸಾಮಾನ್ಯವಾಗಿ ಶಾಂತ. ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೆ ಬಳಸುವ ಮಲ್ಟಿ ಹಾಗಲ್ಲ, ಹತ್ತು ಕಡೆ ಕಿವಿ ಕೊಟ್ಟು ಕೂತಿರುತ್ತದೆ. ಗಲಾಟೆಯೂ ಜಾಸ್ತಿ ಒಳಗೆ ಬರುತ್ತದೆ. ಹಾಗಂತ ಒಂದೇ ಫ್ರೀಕ್ವೆನ್ಸಿಯದ್ದನ್ನು ಕೊಂಡು ಅಲೆ ತಾಗುವ ಒದ್ದೆ ಮರಳಿಗೆ ಇಳಿದರೆ ಕತೆ ಬೇರೆ. ಉಪ್ಪುನೀರಲ್ಲಿ ಕರೆಂಟ್ ಹರಿಯುತ್ತದಲ್ಲ, ಮೆಷಿನ್ ಅದನ್ನೇ ಲೋಹ ಅಂದುಕೊಳ್ಳುತ್ತದೆ. ಅಲ್ಲಿ ಮಲ್ಟಿಯೇ ಮೇಲು.

ಪಲ್ಸ್ ಇಂಡಕ್ಷನ್ (ಸಿಗ್ನಲನ್ನು ಬಿಟ್ಟು ಬಿಟ್ಟು ಕಳಿಸುವ ಇನ್ನೊಂದು ಬಗೆಯ ಮೆಷಿನ್)? ಒದ್ದೆ ಮರಳಲ್ಲಿ ಆಳಕ್ಕೆ ಹೋಗುತ್ತದೆ, ಆದರೆ ತುಕ್ಕು ಹಿಡಿದ ಮೊಳೆಗೂ ಉಂಗುರಕ್ಕೂ ವ್ಯತ್ಯಾಸ ಸರಿಯಾಗಿ ಹೇಳುವುದಿಲ್ಲ. ಮೊದಲ ಮೆಷಿನ್ ಅದಾಗುವುದು ಬೇಡ.

ನಾನಾದರೆ ಮಲ್ಟಿಯನ್ನೇ ಕೊಳ್ಳುತ್ತೇನೆ. ಒಂದೇ ಷರತ್ತು: ಬೇಕಾದಾಗ ಒಂದೇ ಫ್ರೀಕ್ವೆನ್ಸಿಗೆ ಬದಲಾಯಿಸಲು ಆಗಬೇಕು.

ಕಿರಿಕಿರಿ ಶುರುವಾದ ಕೂಡಲೇ ಎಲ್ಲರೂ ಸೆನ್ಸಿಟಿವಿಟಿ (ಸಣ್ಣ ಸಿಗ್ನಲನ್ನೂ ಹಿಡಿಯುವ ಶಕ್ತಿ) ಇಳಿಸುತ್ತಾರೆ. ಆಳ ಅಲ್ಲೇ ಹೋಯಿತು, ಅಲ್ವಾ? ಮೊದಲು ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಆಮೇಲೆ ಕಾಯಿಲನ್ನು ಅಲುಗಾಡಿಸದೆ ಹಿಡಿದು ನಾಯ್ಸ್ ಕ್ಯಾನ್ಸಲ್ (ಗಲಾಟೆ ಕಡಿಮೆ ಇರುವ ಚಾನೆಲ್ ಹುಡುಕಿಕೊಳ್ಳುವ ಬಟನ್) ಒತ್ತಿ. ಆಗಲೂ ನಿಲ್ಲದಿದ್ದರೆ 11 ಇಂಚಿನ ಕಾಯಿಲ್ ತೆಗೆದು 6 ಇಂಚಿನದ್ದು ಹಾಕಿ, ಅದು ಗಲಾಟೆಯನ್ನು ಕಡಿಮೆ ಹಿಡಿಯುತ್ತದೆ. ಸೆನ್ಸಿಟಿವಿಟಿಗೆ ಕೈ ಹಾಕುವುದು ಕೊನೆಗೆ.