ಅರವತ್ತರ ನಂತರ ಹೆಗಲಿಗೆ ಯಾವ ಚೀಲ?

ಚಿಕ್ಕಮಗಳೂರಿನ ಸಂತೆಗೆ, ಆಸ್ಪತ್ರೆಗೆ, ಹಾಸನದ ಬಸ್ಸಿಗೆ ಒಯ್ಯುವ ಚೀಲವನ್ನು ಅಂದಕ್ಕಿಂತ ಮೊದಲು ತೂಕ ನೋಡಿ ಆರಿಸಬೇಕು. ಒಂದು ಲೀಟರ್ ನೀರೇ ಒಂದು ಕಿಲೋ; ದಪ್ಪ ಚರ್ಮದ ಬ್ಯಾಗ್ ಖಾಲಿಯಿದ್ದಾಗಲೇ ಭಾರ.

ಒಂದೇ ಹೆಗಲಿಗೆ ನೇತುಹಾಕುವ ವ್ಯಾನಿಟಿ ಬ್ಯಾಗ್ ಜಾರುತ್ತದೆ. ಜಾರದಿರಲೆಂದು ನಮಗರಿವಿಲ್ಲದೆ ಭುಜ ಎತ್ತಿ ನಡೆಯುತ್ತೇವೆ, ಸಂಜೆಗೆ ಕತ್ತು ಹಿಡಿದಿರುತ್ತದೆ. ಸ್ಲಿಂಗ್ ಬ್ಯಾಗಿನ ಪಟ್ಟಿ ಎದೆಯ ಮೇಲೆ ಅಡ್ಡಲಾಗಿ ಹಾದು ಬರುವುದರಿಂದ ಚೀಲ ಸೊಂಟದ ಬಳಿ ನಿಲ್ಲುತ್ತದೆ. ಒಂದು ಕೈಗೆ ಕೊಡೆ, ಇನ್ನೊಂದಕ್ಕೆ ಬಸ್ಸಿನ ಕಂಬಿ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಉಚಿತ ಪ್ರಯಾಣಕ್ಕೆ ಮಹಿಳೆಯರು ಗುರುತಿನ ಚೀಟಿ ತೋರಿಸಬೇಕು. ಅದು ಮುಂದಿನ ಜೇಬಿನಲ್ಲಿದ್ದರೆ ಹುಡುಕಾಟವಿಲ್ಲ.

ಬೆನ್ನುಚೀಲ ಭಾರವನ್ನು ಎರಡೂ ಹೆಗಲಿಗೆ ಹಂಚುತ್ತದೆ. ತರಕಾರಿ, ನೀರು, ಶಾಲು ಹೊರುವ ದಿನ ಅದೇ ಸರಿ. ಆದರೆ ಭುಜ ನೋಯುವವರಿಗೆ ಹಾಕಿ ತೆಗೆಯುವುದೇ ಕಷ್ಟ, ನೂಕುನುಗ್ಗಲಿನಲ್ಲಿ ಬೆನ್ನ ಹಿಂದಿನ ಜೇಬು ಕಣ್ಣಿಗೆ ಕಾಣದು.

ಅಮ್ಮನಿಗೆ ನಾನು ಸ್ಲಿಂಗ್ ಬ್ಯಾಗನ್ನೇ ಕೊಡಿಸಿದೆ: ಅಗಲವಾದ ಪಟ್ಟಿ, ಒಳಗೆ ತಿಳಿಬಣ್ಣದ ಬಟ್ಟೆ. ಕಪ್ಪು ಒಳಬಟ್ಟೆಯಿದ್ದರೆ ಕನ್ನಡಕದ ಕಪ್ಪು ಡಬ್ಬಿ ಸಿಗುವುದೇ ಇಲ್ಲ. ಬೆರಳಿನ ಗಂಟು ನೋಯುವವರು ಅಂಗಡಿಯಲ್ಲೇ ಜಿಪ್ಪನ್ನು ನಾಲ್ಕು ಸಲ ಎಳೆದು ನೋಡಲಿ.