ಶ್ರೀಲಂಕಾ ಪ್ಯಾಕೇಜಿಗೆ ಅಡ್ವಾನ್ಸ್ ಕಟ್ಟುವ ಮುಂಚೆ ತಿಂಗಳು ನೋಡಿ

ಕಾಡು, ಬೆಟ್ಟ, ಕಡಲು ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಿ ಬರೋಣ ಎಂದು ಶ್ರೀಲಂಕಾ ಪ್ಯಾಕೇಜ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆ ದೇಶದ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ, ಅಲ್ಲಿಯ ಜನರ ಮೇಲಂತೂ ಇಲ್ಲವೇ ಇಲ್ಲ. ಸಿಟ್ಟಿರುವುದು ಹನ್ನೆರಡು ತಿಂಗಳೂ ಒಂದೇ ಪಟ್ಟಿ ಮಾರುವವರ ಮೇಲೆ. ಯಾಲ ರಾಷ್ಟ್ರೀಯ ಉದ್ಯಾನದಲ್ಲಿ ಚಿರತೆ, ಕ್ಯಾಂಡಿಯಿಂದ ‘ಎಲ್ಲಾ’ (Ella) ಎಂಬ ಬೆಟ್ಟದ ಊರಿಗೆ ರೈಲು, ಮಿರಿಸ್ಸಾದಲ್ಲಿ ತಿಮಿಂಗಿಲ. ಜನವರಿಯಲ್ಲಿ ಕೇಳಿದರೂ ಇದೇ ಪಟ್ಟಿ, ಸೆಪ್ಟೆಂಬರಿನಲ್ಲಿ ಕೇಳಿದರೂ ಇದೇ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಕೊಲಂಬೊದ ಒಂದು ಏಜೆನ್ಸಿ ಇದೇ ಮೂರಕ್ಕೆ ಹಣ ತೆಗೆದುಕೊಂಡಿತು. ಮೂರರಲ್ಲಿ ಒಂದೂ ಹೇಳಿದಂತೆ ಸಿಗಲಿಲ್ಲ.

ಯಾಲ ನೋಡುವವರು ಉಳಿದುಕೊಳ್ಳುವ ಊರು ತಿಸ್ಸಮಹಾರಾಮ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಜೀಪ್ ಬಾಗಿಲಿಗೆ ಬಂತು. ಊರು ದಾಟುತ್ತಿದ್ದಂತೆ ಡ್ರೈವರ್ ತಿರುಗಿ, "ಸರ್, ನಾವು ಬುಂದಲಕ್ಕೆ ಹೋಗುತ್ತಿದ್ದೇವೆ, ನಿಮಗೆ ಹೇಳಿದ್ದಾರೆ ತಾನೆ?" ಎಂದು ಕೇಳಿದ. ಯಾರೂ ಹೇಳಿರಲಿಲ್ಲ. ಆತ ಗಾಡಿಯನ್ನು ಪಕ್ಕಕ್ಕೆ ಹಾಕಿ, ಮೊಬೈಲ್ ಬೆಳಕಿನಲ್ಲಿ ತನಗೆ ಕೊಟ್ಟಿದ್ದ ಟ್ರಿಪ್ ಶೀಟ್ ತೋರಿಸಿದ. ‘ಯಾಲ’ ಎಂದು ಅಚ್ಚಾಗಿದ್ದುದನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ‘ಬುಂದಲ’ ಎಂದು ಬರೆದಿದ್ದರು. ಕೆಳಗೆ ಏಜೆನ್ಸಿಯ ಸೀಲು, ಸಹಿ, ತಾರೀಖು. ಆ ತಾರೀಖು ನಾವು ಬಾಕಿ ಹಣ ಕಟ್ಟಿದ್ದಕ್ಕಿಂತ ಹಿಂದಿನದು. ಅಂದರೆ ಯಾಲ ಇಲ್ಲ ಎಂದು ಗೊತ್ತಿದ್ದೂ ನಮ್ಮಿಂದ ಯಾಲದ ಹಣ ವಸೂಲಿ ಮಾಡಿದ್ದರು.

ಪ್ರವಾಸಿಗರು ಹೋಗುವುದು ಯಾಲದ ಒಂದನೇ ಬ್ಲಾಕಿಗೆ. ಜಗತ್ತಿನಲ್ಲೇ ಚಿರತೆಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅದೂ ಒಂದು. ಬೇಸಿಗೆ ಬಿರುಸಾಗಿ ನೀರು ಬತ್ತುವ ಕಾಲದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ ಮಧ್ಯದವರೆಗೆ, ವನ್ಯಜೀವಿ ಇಲಾಖೆ ಅದನ್ನು ಮುಚ್ಚುತ್ತದೆ. ಉಳಿದಿರುವ ಅಷ್ಟಿಷ್ಟು ನೀರಿನ ಹತ್ತಿರ ಪ್ರಾಣಿಗಳನ್ನು ಜೀಪುಗಳು ಮುತ್ತಿಕೊಳ್ಳಬಾರದು ಎಂಬುದು ನ್ಯಾಯವಾದ ಮಾತೇ. ಇಲಾಖೆಯ ಪ್ರಕಟಣೆ ಮೊದಲೇ ಬರುತ್ತದೆ, ಈ ವ್ಯಾಪಾರದಲ್ಲಿರುವ ಯಾರಿಗೂ ಅದು ಹೊಸ ಸುದ್ದಿಯಲ್ಲ. ಬುಂದಲ ಕಳಪೆ ಜಾಗವೂ ಅಲ್ಲ. ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಅದು, ಹಕ್ಕಿ ನೋಡುವವರಿಗೆ ಹಬ್ಬ. ಆದರೆ ಚಿರತೆಯ ಆಸೆಗೆ ದುಡ್ಡು ಕಟ್ಟಿ ಬಂದವರನ್ನು ಕತ್ತಲಲ್ಲಿ ಎಬ್ಬಿಸಿ, ಹೇಳದೆ ಕೇಳದೆ ಬೇರೆ ಕಾಡಿಗೆ ಕರೆದೊಯ್ಯುವುದು ಮೋಸ.

ಗೇಟಿನಲ್ಲಿ ಇನ್ನೊಂದು ಕಾದಿತ್ತು. ‘ಸಫಾರಿ ಸೇರಿದೆ’ ಎಂದರೆ ಜೀಪ್ ಬಾಡಿಗೆ ಮಾತ್ರವಂತೆ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ವಿದೇಶಿಯರ ಪ್ರವೇಶ ಶುಲ್ಕವನ್ನು ಡಾಲರ್ ಲೆಕ್ಕದಲ್ಲಿ ನಿಗದಿ ಮಾಡಿರುತ್ತಾರೆ, ತಲೆಗೊಂದು ಟಿಕೆಟ್. ಅದರ ಮೇಲೆ ಗುಂಪಿಗೆ ಸೇವಾ ಶುಲ್ಕ, ವಾಹನಕ್ಕೆ ಬೇರೆ, ಕೊನೆಗೆ ತೆರಿಗೆ. ಮನೆಮಂದಿಯೆಲ್ಲ ಹೋದರೆ ಜೀಪ್ ಬಾಡಿಗೆಗಿಂತ ಇದೇ ಜಾಸ್ತಿಯಾಗಬಹುದು. ‘ಪಾರ್ಕ್ ಟಿಕೆಟ್ ಸೇರಿ’ ಎಂಬ ಮಾತು ಬರಹದಲ್ಲಿ ಇಲ್ಲದಿದ್ದರೆ ಸೇರಿಲ್ಲ ಎಂದೇ ತಿಳಿಯಿರಿ.

ಇದಕ್ಕಿಂತ ನನ್ನ ಹೊಟ್ಟೆ ಉರಿಸಿದ ಸಂಗತಿ ಆಮೇಲೆ ತಿಳಿಯಿತು. ಪ್ರವಾಸದ ಶುರುವಿನಲ್ಲಿ ಸಿಗಿರಿಯಾ ಬಂಡೆ ಹತ್ತಲು ಹಬರಣದಲ್ಲಿ ಉಳಿದಿದ್ದೆವು. ಅಲ್ಲಿಂದ ತುಸು ದೂರದಲ್ಲೇ ಮಿನ್ನೇರಿಯ ರಾಷ್ಟ್ರೀಯ ಉದ್ಯಾನ. ಮಹಾಸೇನ ರಾಜ 3ನೇ ಶತಮಾನದಲ್ಲಿ ಕಟ್ಟಿಸಿದ ದೊಡ್ಡ ಕೆರೆ ಅಲ್ಲಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸುತ್ತಲ ಕಾಡು ಒಣಗಿದಾಗ ಕೆರೆಯ ನೀರು ಹಿಂದೆ ಸರಿದು, ಬಯಲಾದ ಅಂಗಳದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೆ ನೂರಾರು ಆನೆಗಳು ಮರಿಗಳ ಸಮೇತ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವುದು ಅಪರೂಪ. ನಾವು ಅಲ್ಲಿದ್ದ ತಿಂಗಳೇ ಅದರ ಕಾಲ! ಆದರೆ ನಮ್ಮ ಪಟ್ಟಿಯಲ್ಲಿ ‘ಕಾಡು’ ಎಂಬ ಕಲಮಿನೆದುರು ಯಾಲ ಎಂದು ಬರೆದಾಗಿತ್ತಲ್ಲ, ಹಾಗಾಗಿ ಮಿನ್ನೇರಿಯದ ಹೆಸರನ್ನೂ ಯಾರೂ ಎತ್ತಲಿಲ್ಲ. ನೀವು ಆ ತಿಂಗಳುಗಳಲ್ಲಿ ಹೋಗುವುದಾದರೆ ಇದೊಂದನ್ನು ಬಿಡಬೇಡಿ. ಮೇಲಿನ ಮೊರಗಹಕಂದ ಜಲಾಶಯದಿಂದ ನೀರು ಬಿಟ್ಟು ಕೆರೆ ತುಂಬಿದ್ದರೆ ಹುಲ್ಲು ಮುಳುಗಿ ಆನೆಗಳು ಚದುರುತ್ತವೆ. ಆದ್ದರಿಂದ ಆನೆಗಳು ಈಗ ಮಿನ್ನೇರಿಯದಲ್ಲಿವೆಯೋ, ಪಕ್ಕದ ಕೌಡುಲ್ಲದಲ್ಲೋ, ಹುರುಲು ಕಾಡಿನಲ್ಲೋ ಎಂದು ಹೊರಡುವ ದಿನವೇ ಅಲ್ಲಿಯ ಜೀಪಿನವರನ್ನು ಕೇಳಿ.

ಕಡಲಿನ ಕಥೆಯೂ ಇಷ್ಟೇ. ಮಿರಿಸ್ಸಾ ತಲುಪಿದಾಗ ದಡದಲ್ಲಿ ಕೆಂಪು ಬಾವುಟ ಹಾರುತ್ತಿತ್ತು, ಸಮುದ್ರ ಮಣ್ಣು ಬಣ್ಣಕ್ಕೆ ತಿರುಗಿತ್ತು. ತಿಮಿಂಗಿಲದ ದೋಣಿ ಹೊರಡಲಿಲ್ಲ. ವೋಚರಿನ ಹಿಂಬದಿಯಲ್ಲಿ ‘ಹವಾಮಾನದ ಕಾರಣಕ್ಕೆ ರದ್ದಾದರೆ ಹಣ ವಾಪಸಿಲ್ಲ’ ಎಂಬ ಸಾಲು. ಹವಾಮಾನ ಕೈಕೊಟ್ಟಿದ್ದೇನೂ ಅಲ್ಲ, ಆ ಕರಾವಳಿಯಲ್ಲಿ ಸೆಪ್ಟೆಂಬರ್ ಇರುವುದೇ ಹಾಗೆ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ನೇರವಾಗಿ ಬಂದು ಬಡಿಯುವುದು ಮಿರಿಸ್ಸಾ, ಹಿಕ್ಕಡುವ, ಬೆಂತೋಟ ಇರುವ ಬದಿಗೆ. ಮೋಡ ನಡುವಿನ ಬೆಟ್ಟಸಾಲಿಗೆ ತಾಗಿ ಅಲ್ಲೇ ಸುರಿದು ಬರಿದಾಗುತ್ತದೆ. ಬೆಟ್ಟದ ಆಚೆ ಟ್ರಿಂಕೋಮಲಿ, ನಿಲಾವೆಲಿ, ಪಾಸಿಕುಡಾ, ಅರುಗಮ್ ಬೇ ಇರುವ ಪೂರ್ವ ದಡದಲ್ಲಿ ಅದೇ ಹೊತ್ತಿಗೆ ಬಿಸಿಲು. ಡಿಸೆಂಬರಿನಿಂದ ಈಶಾನ್ಯ ಮಾರುತದ ಸರದಿ, ಆಗ ಎಲ್ಲ ತಿರುಗುಮುರುಗು: ಪೂರ್ವಕ್ಕೆ ಮಳೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಒಳ್ಳೆಯ ದಿನಗಳು. ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲ ನೋಡಲು ನವೆಂಬರಿನಿಂದ ಏಪ್ರಿಲ್ ಸರಿಯಾದ ಕಾಲ. ಇಷ್ಟು ಚಿಕ್ಕ ದ್ವೀಪದಲ್ಲಿ ವರ್ಷದ ಬಹುಪಾಲು ಯಾವುದಾದರೂ ಒಂದು ದಡ ಚೆನ್ನಾಗಿರುತ್ತದೆ. ಗಿರಾಕಿಯನ್ನು ಆ ದಡಕ್ಕೆ ಕಳಿಸುವುದಷ್ಟೇ ಏಜೆನ್ಸಿಯ ಕೆಲಸ, ಅದನ್ನೂ ಮಾಡಲಿಲ್ಲ. ಕೆಂಪು ಬಾವುಟವಿದ್ದಾಗ ಹೋಟೆಲಿನವರು ಪರವಾಗಿಲ್ಲ ಎಂದರೂ ನೀರಿಗೆ ಇಳಿಯಬೇಡಿ. ಮಾನ್ಸೂನಿನಲ್ಲಿ ಆ ಬದಿಯ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ.

ರೈಲಿನ ವಿಷಯಕ್ಕೆ ನನಗೆ ಇನ್ನೂ ಸಂಕಟವಾಗುತ್ತದೆ, ಜೊತೆಯಲ್ಲಿ ಅಮ್ಮ ಇದ್ದರು. ರಿಸರ್ವ್ ಸೀಟು ಎಂದು ಹೇಳಿ, ಕ್ಯಾಂಡಿ ಸ್ಟೇಷನ್ನಿನಲ್ಲಿ ಕೈಗಿಟ್ಟಿದ್ದು ಸೀಟು ಸಂಖ್ಯೆಯಿಲ್ಲದ ಸಾಮಾನ್ಯ ಟಿಕೆಟ್. ಬೋಗಿಗೆ ಕಾಲಿಡಲೂ ಜಾಗವಿರಲಿಲ್ಲ. ‘ಎಲ್ಲಾ’ ಊರು ತಲುಪಲು ಆರೇಳು ಗಂಟೆಯ ಹಾದಿ. ಅಮ್ಮ ಒಂದು ಕೈಯಲ್ಲಿ ಸೀಟಿನ ಹಿಂಬದಿ ಹಿಡಿದು, ಇನ್ನೊಂದು ಕೈಯಲ್ಲಿ ಮಾತ್ರೆ ಡಬ್ಬಿಯಿದ್ದ ಚೀಲ ಎದೆಗವಚಿಕೊಂಡು ನಿಂತಿದ್ದರು. ಚಹಾ ತೋಟ, ಜಲಪಾತ ಎಲ್ಲ ಕಿಟಕಿಯಾಚೆ ಹೋದವು, ನಮಗೆ ಕಂಡಿದ್ದು ಬೇರೆಯವರ ಬೆನ್ನು. ‘ನಾನು ಓಯ’ ಎಂಬ ಸ್ಟೇಷನ್ನಿನಲ್ಲಿ ಒಂದಿಷ್ಟು ಜನ ಇಳಿದಾಗ ಅಲ್ಲಿಯ ಹೆಂಗಸೊಬ್ಬರು ತಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡು, "ಅಮ್ಮಾ, ಬನ್ನಿ" ಎಂದು ಜಾಗ ಕೊಟ್ಟರು. ಆ ತಾಯಿಗೆ ಪುಣ್ಯ ಬರಲಿ. ರಿಸರ್ವ್ ಟಿಕೆಟ್ ಬುಕಿಂಗ್ ಹೊರಡುವ ದಿನಕ್ಕೆ 30 ದಿನ ಮುಂಚೆ ತೆರೆದು ಬೇಗ ಖಾಲಿಯಾಗುತ್ತದೆ. ಬೋಗಿ ಮತ್ತು ಸೀಟಿನ ಸಂಖ್ಯೆ ಕಾಣುವ ಟಿಕೆಟಿನ ಫೋಟೊ ಕಳಿಸದಿದ್ದರೆ ಸೀಟು ಇಲ್ಲ ಎಂದೇ ಅರ್ಥ. ವಯಸ್ಸಾದವರಿದ್ದರೆ ಕಾರಿನಲ್ಲಿ ನುವರ ಎಲಿಯಾಕ್ಕೆ ಹೋಗಿ, ಪಕ್ಕದ ‘ನಾನು ಓಯ’ ಸ್ಟೇಷನ್ನಿನಿಂದ ‘ಎಲ್ಲಾ’ ಊರಿನವರೆಗೆ ಮಾತ್ರ ರೈಲು ಹತ್ತುವುದು ಒಳ್ಳೆಯದು. ಫೋಟೊಗಾಗಿ ಬಾಗಿಲಿನಿಂದ ನೇತಾಡಬೇಡಿ, ಹಾಗೆ ಬಿದ್ದು ಪ್ರಾಣ ಕಳೆದುಕೊಂಡ ಪ್ರವಾಸಿಗರಿದ್ದಾರೆ.

ಬೆಟ್ಟದ ಮೇಲಿನ ಹುಲ್ಲುಗಾವಲಾದ ಹಾರ್ಟನ್ ಪ್ಲೇನ್ಸ್‌ಗೂ ಕರೆದೊಯ್ದರು, ಹತ್ತು ಗಂಟೆ ದಾಟಿದ ಮೇಲೆ. ವರ್ಲ್ಡ್ಸ್ ಎಂಡ್ ಪ್ರಪಾತ ನೋಡಬೇಕೆಂದರೆ ಬೆಳಗ್ಗೆ ಆರಕ್ಕೆ ಗೇಟಿನಲ್ಲಿರಬೇಕು. ತಡವಾದರೆ ಮಂಜು ಬಿಟ್ಟು ಬೇರೇನೂ ಕಾಣದು.

ಹಾಗಾದರೆ ಯಾವಾಗ ಹೋಗಬೇಕು? ನನ್ನ ಅಭಿಪ್ರಾಯದಲ್ಲಿ ಮೂರೂ ಒಂದೇ ಸಲ ಕೂಡಿಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಆಗ ಬೆಟ್ಟದಲ್ಲಿ ಮಳೆ ಕಡಿಮೆ, ಯಾಲ ತೆರೆದಿರುತ್ತದೆ, ಮಿರಿಸ್ಸಾ ಶಾಂತವಾಗಿರುತ್ತದೆ, ಶ್ರೀಪಾದ ಬೆಟ್ಟ ಹತ್ತುವ ಕಾಲವೂ ಅದೇ. ಜುಲೈ, ಆಗಸ್ಟಿನಲ್ಲಷ್ಟೇ ರಜೆ ಸಿಗುವವರು ಮಿನ್ನೇರಿಯ ಮತ್ತು ಟ್ರಿಂಕೋಮಲಿ ಕಡೆ ಹೋಗಿ, ದಕ್ಷಿಣದ ಕಡಲನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ. ಆನೆ ಸಾಕು ಎನ್ನುವವರಿಗೆ ಉಡವಲವೆ ರಾಷ್ಟ್ರೀಯ ಉದ್ಯಾನ ವರ್ಷವಿಡೀ ತೆರೆದಿರುತ್ತದೆ. ಅಕ್ಟೋಬರ್, ನವೆಂಬರ್ ಮಾತ್ರ ಬೇಡ. ಎರಡು ಮಾರುತಗಳ ನಡುವಿನ ಆ ಹೊತ್ತಿನಲ್ಲಿ ಗುಡುಗು ಮಳೆ ಜೋರು, ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಬರುತ್ತವೆ, ಬೆಟ್ಟದ ರಸ್ತೆ ಮತ್ತು ಹಳಿಗಳ ಮೇಲೆ ಗುಡ್ಡ ಜರಿಯುತ್ತದೆ.

ಅಡ್ವಾನ್ಸ್ ಕೊಡುವ ಮುಂಚೆ ಏಜೆನ್ಸಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ನಾವು ಹೋಗುವ ತಾರೀಖಿನಲ್ಲಿ ಆ ಪಾರ್ಕ್ ತೆರೆದಿದೆಯೇ, ಯಾವ ಗೇಟು, ಟಿಕೆಟ್ ಯಾರ ಖರ್ಚು? ದೋಣಿ ಹೊರಡದಿದ್ದರೆ ಎಷ್ಟು ಹಣ ವಾಪಸ್? ಇವಕ್ಕೆ ‘ನೋ ಪ್ರಾಬ್ಲಂ ಸರ್’ ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿಕೊಳ್ಳಿ. ವೀಸಾ ಬದಲಿನ ಇಟಿಎ ಅನುಮತಿಗೂ ಅಲ್ಲಿಯ ಸರ್ಕಾರದ ಜಾಲತಾಣವನ್ನೇ ಬಳಸಿ, ಅದೇ ರೂಪದ ಖಾಸಗಿ ತಾಣಗಳು ಮೇಲೆ ದುಡ್ಡು ಕೀಳುತ್ತವೆ.

ನಮ್ಮ ಏಜೆನ್ಸಿಯವರು ಹಣ ಹಿಂದಿರುಗಿಸುವ ಬದಲು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ವೋಚರ್, ಸೀಟು ಸಂಖ್ಯೆಯಿಲ್ಲದ ಟಿಕೆಟ್, ಡ್ರೈವರ್ ತೋರಿಸಿದ ಶೀಟಿನ ಫೋಟೊ, ವಾಟ್ಸಾಪ್ ಮಾತುಕತೆ ಎಲ್ಲ ಸೇರಿಸಿ ಶ್ರೀಲಂಕಾ ಪ್ರವಾಸೋದ್ಯಮ ಪ್ರಾಧಿಕಾರಕ್ಕೆ ದೂರು ಕಳಿಸಿದ್ದೇನೆ. ಡ್ರೈವರನ ಹೆಸರನ್ನು ಮಾತ್ರ ಅದರಲ್ಲಿ ಎಲ್ಲೂ ಬರೆದಿಲ್ಲ, ನಿಜ ಹೇಳಿದ್ದಕ್ಕೆ ಅವನ ಅನ್ನಕ್ಕೆ ಕಲ್ಲು ಬೀಳಬಾರದು.